ನರ್ಸಿಂಗ್ ಹುಡುಗಿಯರು ಮನೆಗೆ ಬಂದು ಸಹಿ ಕೇಳಿದರೆ

ಒಂದು ಮಧ್ಯಾಹ್ನ ಅಮ್ಮನ ಫೋನ್ ಬಂತು. ದನಿಯಲ್ಲಿ ಗಾಬರಿ. "ಬಿಳಿ ಕೋಟು ಹಾಕ್ಕೊಂಡು ಇಬ್ರು ಹುಡುಗೀರು ಬಂದವ್ರೆ. ಆಶಾನೂ ಜೊತೆಗವ್ಳೆ. ಏನೋ ಪೇಪರ್ ಓದಿ ಹೇಳಿ ಸಹಿ ಹಾಕಿ ಅಂತಾರೆ. ಹಾಕ್ಲಾ, ಬೇಡ್ವಾ?"

ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ಕಡೆಯ ಹಳ್ಳಿ. ನಮ್ಮ ಕಡೆ ಸಹಿ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಸಾಲ. ಸಂಘದ ಸಾಲ, ಫೈನಾನ್ಸ್ ಸಾಲ, ಪಕ್ಕದ ಮನೆಯವರಿಗೆ ಹಾಕಿದ ಜಾಮೀನು. ಈಗ ಅದರ ಮೇಲೆ ಓಟಿಪಿ ಭಯ ಬೇರೆ. ಹಾಗಾಗಿ ಅಮ್ಮನ ಗಾಬರಿ ಸುಮ್ನೆ ಅಲ್ಲ.

ಫೋನನ್ನು ಆ ಹುಡುಗಿಯ ಕೈಗೆ ಕೊಡಿಸಿದೆ. ಅವರು ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದವರು. ಶುಗರ್ ಇರುವವರು ತಮ್ಮ ಪಾದ ಹೇಗೆ ನೋಡಿಕೊಳ್ಳುತ್ತಾರೆ ಅಂತ ಇಪ್ಪತ್ತು ಪ್ರಶ್ನೆ ಕೇಳಬೇಕಂತೆ. "ರಿಸರ್ಚ್ ಪ್ರಾಜೆಕ್ಟ್ ಸಾರ್" ಅಂದಳು. ಹಿಂದಿನಿಂದ ಅಮ್ಮನ ಮಾತು ಕೇಳಿಸಿತು: "ನರ್ಸಮ್ಮಗಳಿಗೆ ಯಾಕಮ್ಮಾ ರಿಸರ್ಚು? ಸೂಜಿ ಹಾಕೋದು ಕಲಿತರೆ ಸಾಕಲ್ವಾ?"

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮೂರು ಕಡೆಯೂ ನರ್ಸಿಂಗ್ ಕಾಲೇಜುಗಳಿವೆ. ಅಲ್ಲಿ ಓದುವವರು ಇವತ್ತಲ್ಲ ನಾಳೆ ನಿಮ್ಮ ಬಾಗಿಲಿಗೂ ಬರಬಹುದು. ಇಲ್ಲಾ ನಿಮ್ಮ ಮಗಳೇ ಮನೆಗೆ ಬಂದು "ಸಿನಾಪ್ಸಿಸ್ ಕೊಡಬೇಕು, ಟೂಲ್ ವ್ಯಾಲಿಡೇಷನ್ ಆಗಿಲ್ಲ" ಅಂತ ಕಣ್ಣೀರು ಹಾಕಬಹುದು. ಈ ಮಾತುಗಳ ಅರ್ಥ ಏನು, ಇದೆಲ್ಲ ಯಾಕೆ ಅಂತ ಒಂದೊಂದಾಗಿ ನೋಡೋಣ.

ಯಾವ ಓದಿನಲ್ಲಿ ಎಷ್ಟು ರಿಸರ್ಚ್

ಜಿ.ಎನ್.ಎಂ., ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ, ಮೂರು ವರ್ಷದ ಡಿಪ್ಲೊಮಾ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಅದರ ಮೇಲೆ ಎರಡು ವರ್ಷದ ಎಂ.ಎಸ್ಸಿ., ಆಮೇಲೆ ಪಿಎಚ್.ಡಿ. ದೇಶದಲ್ಲಿ ಈ ಓದು ಹೇಗಿರಬೇಕು ಅಂತ ಇಷ್ಟು ವರ್ಷ ಹೇಳುತ್ತಾ ಬಂದಿದ್ದು 1947ರ ಕಾಯ್ದೆಯಿಂದ ಬಂದ ಭಾರತೀಯ ನರ್ಸಿಂಗ್ ಪರಿಷತ್ತು. ಆ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ಹೊಸದೊಂದನ್ನು ಪಾಸು ಮಾಡಿದೆ. ಕರ್ನಾಟಕದ ಹೆಚ್ಚಿನ ನರ್ಸಿಂಗ್ ಕಾಲೇಜುಗಳಿಗೆ ಪರೀಕ್ಷೆ ಮಾಡಿ ಪದವಿ ಕೊಡುವುದು 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ.

2021ರಲ್ಲಿ ಬಿ.ಎಸ್ಸಿ. ಸಿಲಬಸ್ ಬದಲಾಗಿ ಸೆಮಿಸ್ಟರ್ ಪದ್ಧತಿ ಬಂತು. ಅದರಲ್ಲಿ ಏಳನೇ ಸೆಮಿಸ್ಟರ್‌ಗೆ ನರ್ಸಿಂಗ್ ರಿಸರ್ಚ್ ಮತ್ತು ಸಂಖ್ಯಾಶಾಸ್ತ್ರ ಅಂತಲೇ ಒಂದು ಪಾಠ ಇದೆ. ಜೊತೆಗೆ ಗುಂಪಾಗಿ ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕು. ಎಂ.ಎಸ್ಸಿ.ಯಲ್ಲಿ ಒಬ್ಬೊಬ್ಬರೇ ಪ್ರಬಂಧ ಬರೆಯಬೇಕು. ಅಮ್ಮನ ಬಾಗಿಲಲ್ಲಿ ನಿಂತವರು ಮೊದಲ ಗುಂಪಿನವರು.

ನಾಲ್ಕು ಸಾಲು ಬಿಟ್ಟು ನೋಡುವುದು

ಟೊಮೆಟೊ ಬೆಳೆಯುವವರಿಗೆ ರಿಸರ್ಚ್ ಹೊಸದಲ್ಲ, ಹೆಸರು ಮಾತ್ರ ಹೊಸದು. ಅಂಗಡಿಯವನು ಒಂದು ಡಬ್ಬ ಕೊಟ್ಟು "ಅಂಗಮಾರಿಗೆ ಇದಕ್ಕಿಂತ ಒಳ್ಳೇದಿಲ್ಲ" ಅನ್ನುತ್ತಾನೆ. ಪೆಟ್ಟು ತಿಂದು ಕಲಿತ ರೈತ ಇಡೀ ತೋಟಕ್ಕೆ ಹೊಡೆಯುವುದಿಲ್ಲ. ನಾಲ್ಕು ಸಾಲಿಗೆ ಹೊಡೆಯುತ್ತಾನೆ, ಪಕ್ಕದ ನಾಲ್ಕು ಸಾಲು ಹಾಗೇ ಬಿಡುತ್ತಾನೆ. ವಾರ ಕಳೆದ ಮೇಲೆ ಎರಡನ್ನೂ ನೋಡುತ್ತಾನೆ.

ಹಾಗೇ ಬಿಟ್ಟ ಆ ನಾಲ್ಕು ಸಾಲೇ ಇಲ್ಲಿ ಮುಖ್ಯ. ಅದು ಇಲ್ಲದಿದ್ದರೆ ರೋಗ ಔಷಧಿಗೆ ಹೋಯಿತಾ, ಮೋಡ ಸರಿದು ಬಿಸಿಲು ಬಿದ್ದಿದ್ದಕ್ಕೆ ಹೋಯಿತಾ ಅಂತ ಗೊತ್ತಾಗುವುದಿಲ್ಲ. ನರ್ಸಿಂಗ್ ಪುಸ್ತಕದಲ್ಲಿ ಇದಕ್ಕೆ ಕಂಟ್ರೋಲ್ ಗ್ರೂಪ್ ಅನ್ನುತ್ತಾರೆ. ಹೊಸ ಆರೈಕೆ ಸಿಗದ, ಎಂದಿನಂತೆ ಇರುವ ಗುಂಪು.

ವಾರ್ಡಿನಲ್ಲಿ ಇದರಿಂದ ಏನಾಗುತ್ತದೆ? ಹಾಸಿಗೆ ಹಿಡಿದವರಿಗೆ ಬೆನ್ನು, ಸೊಂಟದ ಹತ್ತಿರ ಹುಣ್ಣಾಗುತ್ತದೆ. ಬೆಡ್ ಸೋರ್ ಅಂತ ಎಲ್ಲರೂ ಕೇಳಿರುತ್ತೀರಿ. ಹಿಂದೆ ಅಲ್ಲಿ ಚರ್ಮ ಕೆಂಪಾದರೆ ಚೆನ್ನಾಗಿ ಉಜ್ಜಿ ಮಸಾಜ್ ಮಾಡು ಅಂತ ಹೇಳಿಕೊಡುತ್ತಿದ್ದರು. ರಕ್ತ ಓಡಾಡುತ್ತದೆ ಅನ್ನುವ ನಂಬಿಕೆ. ಕೇಳೋಕೆ ಸರಿಯಾಗೇ ಇದೆ. ಆದರೆ ಪರೀಕ್ಷಿಸಿ ನೋಡುತ್ತಾ ಹೋದಂತೆ, ಒತ್ತಡದಿಂದ ಆಗಲೇ ಸೋತ ಚರ್ಮವನ್ನು ಉಜ್ಜಿದರೆ ಒಳಗಿನ ಮಾಂಸಕ್ಕೆ ಪೆಟ್ಟಾಗಬಹುದು ಅಂತ ಕಂಡಿತು. ಈಗ ಉಜ್ಜಬೇಡಿ, ಮಗ್ಗಲು ಬದಲಿಸಿ ಅನ್ನುತ್ತಾರೆ. ಹೀಗೆ ಪುರಾವೆ ನೋಡಿಕೊಂಡು ಮಾಡುವ ಆರೈಕೆಗೆ ಎವಿಡೆನ್ಸ್ ಬೇಸ್ಡ್ ಪ್ರಾಕ್ಟೀಸ್ ಅಂತ ಹೆಸರು. ಅಮ್ಮನ ಪ್ರಶ್ನೆಗೆ ಮೊದಲ ಉತ್ತರ ಇಲ್ಲೇ ಇದೆ. ಸೂಜಿ ಹಾಕುವುದು ಕಲಿತರೆ ಸಾಲದು, ನಾವು ಕಲಿತದ್ದು ಸರಿ ಇದೆಯಾ ಅಂತ ಆಗಾಗ ನೋಡುವವರೂ ಬೇಕು.

ದೀಪ ಹಿಡಿದವರ ಕೈಯಲ್ಲಿ ಲೆಕ್ಕದ ಪುಸ್ತಕವೂ ಇತ್ತು

ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಶಾಲೆ ಮಕ್ಕಳಿಗೂ ಗೊತ್ತು. ರಾತ್ರಿ ದೀಪ ಹಿಡಿದು ಸೈನಿಕರನ್ನು ನೋಡುತ್ತಿದ್ದ ತಾಯಿ. ಅವರ ಹುಟ್ಟುಹಬ್ಬ ಮೇ 12ಕ್ಕೆ ನಮ್ಮ ಆಸ್ಪತ್ರೆಗಳಲ್ಲೂ ನರ್ಸ್‌ಗಳ ದಿನ ಮಾಡುತ್ತಾರೆ. ಆದರೆ ಆ ಕಥೆಯ ಗಟ್ಟಿ ಭಾಗವನ್ನು ನಮಗೆ ಯಾರೂ ಹೇಳಿರಲಿಲ್ಲ.

1854ರ ನವೆಂಬರ್. ಕ್ರಿಮಿಯನ್ ಯುದ್ಧ. 38 ಹೆಂಗಸರನ್ನು ಕರೆದುಕೊಂಡು ಅವರು ಇಸ್ತಾಂಬುಲ್ ಪಕ್ಕದ ಸ್ಕುಟಾರಿ ಆಸ್ಪತ್ರೆಗೆ ಬಂದರು. ಊಟ, ಬಟ್ಟೆ, ಸ್ವಚ್ಛತೆ ಎಲ್ಲ ಸರಿಮಾಡಲು ಹಗಲೂ ರಾತ್ರಿ ದುಡಿದರು. ಆದರೂ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. ಗುಂಡೇಟಿಗಿಂತ ಕಾಲರಾ, ಭೇದಿ, ಟೈಫಸ್‌ಗಳಿಗೇ ಸೈನಿಕರು ಜಾಸ್ತಿ ಸತ್ತರು. 1855ರ ಮಾರ್ಚ್‌ನಲ್ಲಿ ಲಂಡನ್‌ನಿಂದ ಬಂದ ಒಂದು ತಂಡ ಆಸ್ಪತ್ರೆಯ ಕೆಳಗೆ ಕಟ್ಟಿಕೊಂಡಿದ್ದ ಚರಂಡಿ ತೆಗೆಸಿತು, ಗಾಳಿ ಆಡುವಂತೆ ಮಾಡಿತು. ಆಮೇಲೆ ಸಾವು ಸರ್ರನೆ ಇಳಿಯಿತು.

ಯುದ್ಧ ಮುಗಿದು ಊರಿಗೆ ಹೋದ ಮೇಲೆ ನೈಟಿಂಗೇಲ್ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ತಿಂಗಳು ತಿಂಗಳಿನ ಲೆಕ್ಕ ಬಿಡಿಸಿದರು. ಯಾವ ತಿಂಗಳು ಎಷ್ಟು ಸಾವು, ಯಾವುದಕ್ಕೆ ಸಾವು. ಬೀಸಣಿಗೆ ಬಿಚ್ಚಿಟ್ಟ ಹಾಗೆ ಕಾಣುವ ಬಣ್ಣದ ಚಿತ್ರ ಬರೆಸಿ, ಓದೋಕೆ ಪುರುಸೊತ್ತಿಲ್ಲದ ಮಂತ್ರಿಗಳೂ ಒಂದೇ ನೋಟಕ್ಕೆ ಅರ್ಥ ಮಾಡಿಕೊಳ್ಳುವಂತೆ ಮಾಡಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ಸೇರಿಸಿಕೊಂಡಿತು. ಅಲ್ಲಿಗೆ ಸೇರಿದ ಮೊದಲ ಹೆಂಗಸು ಅವರೇ.

ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಬೇರೆ. ಅಷ್ಟು ಕಷ್ಟಪಟ್ಟವರು "ನಾನು ಬಂದಿದ್ದಕ್ಕೇ ಎಲ್ಲ ಸರಿಹೋಯಿತು" ಅಂದಿದ್ದರೆ ಕೇಳುವವರು ಇರಲಿಲ್ಲ. ಲೆಕ್ಕ ಬೇರೆ ಹೇಳಿತು, ಅದನ್ನೇ ಮುಂದಿಟ್ಟರು.

ಇಪ್ಪತ್ತು ಪ್ರಶ್ನೆ ಹುಟ್ಟುವ ಬಗೆ

ಅಮ್ಮನ ಪಾದಕ್ಕೆ ಬರೋಣ. ಶುಗರ್ ಬಹಳ ವರ್ಷ ಇದ್ದರೆ ಪಾದದ ನರ ಮಂಕಾಗುತ್ತದೆ. ಕಲ್ಲು ಚುಚ್ಚಿದರೂ ಗೊತ್ತಾಗುವುದಿಲ್ಲ. ಸಣ್ಣ ಗಾಯ ಹುಣ್ಣಾಗಿ, ಬೆರಳು ತೆಗೆಯುವ ತನಕ ಹೋಗಬಹುದು. ತಡೆಯುವ ದಾರಿ ಸುಲಭ. ದಿನಾ ಪಾದ ನೋಡಿಕೊಳ್ಳುವುದು, ಬೆರಳ ಸಂದು ಒಣಗಿಸುವುದು, ಉಗುರು ನೇರಕ್ಕೆ ಕತ್ತರಿಸುವುದು, ಬರಿಗಾಲಲ್ಲಿ ಓಡಾಡದಿರುವುದು. ಇದು ಜನಕ್ಕೆ ಎಷ್ಟು ಗೊತ್ತು? ಹೇಳಿಕೊಟ್ಟರೆ ಅರಿವು ಹೆಚ್ಚುತ್ತದಾ? ಆ ಹುಡುಗಿಯರ ರಿಸರ್ಚ್ ಪ್ರಶ್ನೆ ಇಷ್ಟೇ.

ಪ್ರಶ್ನೆ ಸಿಕ್ಕಿದ ಮೇಲೆ ಬರೆಯುವ ಪುಟ್ಟ ಯೋಜನೆಯೇ ಸಿನಾಪ್ಸಿಸ್. ಏನು ಹುಡುಕುತ್ತೇವೆ, ಯಾರ ಹತ್ತಿರ, ಹೇಗೆ ಅಂತ ಮೊದಲೇ ಬರೆದು ಗೈಡ್‌ಗೆ, ಅಂದರೆ ದಾರಿ ತೋರಿಸುವ ಕಾಲೇಜಿನ ಮೇಷ್ಟ್ರಿಗೆ, ಕೊಡಬೇಕು. ಮನೆ ಕಟ್ಟುವ ಮುಂಚೆ ಪ್ಲ್ಯಾನ್ ಪಾಸು ಮಾಡಿಸಿದ ಹಾಗೆ. ಪ್ರಶ್ನೆಗಳ ಪಟ್ಟಿಗೆ ಟೂಲ್ ಅನ್ನುತ್ತಾರೆ. ತಕ್ಕಡಿ ಸರಿ ಇದೆಯಾ ಅಂತ ತೂಕಕ್ಕೆ ಮುಂಚೆ ನೋಡುತ್ತೀವಲ್ಲ, ಹಾಗೆ ಈ ಪಟ್ಟಿಯನ್ನು ವಿಷಯ ಬಲ್ಲ ಕೆಲವರಿಗೆ ಕೊಟ್ಟು ತಿದ್ದಿಸುತ್ತಾರೆ. ಅದು ವ್ಯಾಲಿಡೇಷನ್. ಆಮೇಲೆ ಬೇರೆ ಊರಿನ ಹತ್ತಾರು ಜನರ ಮೇಲೆ ಪ್ರಯೋಗ ಮಾಡಿ ನೋಡುವುದು ಪೈಲಟ್ ಸ್ಟಡಿ.

ನಮ್ಮ ಕಡೆ ಇನ್ನೊಂದು ತೊಡಕಿದೆ, ಭಾಷೆ. ಪುಸ್ತಕದಲ್ಲಿ ಪ್ರಶ್ನೆ ಇಂಗ್ಲಿಷ್‌ನಲ್ಲಿರುತ್ತದೆ. ಕನ್ನಡಕ್ಕೆ ಇಳಿಸುವಾಗ ಯಾರೋ "ಪಾದಗಳಲ್ಲಿ ಸಂವೇದನಾ ನಷ್ಟವಿದೆಯೇ?" ಅಂತ ಬರೆಯುತ್ತಾರೆ. ಅಮ್ಮನಿಗೆ ಅದು ತಲೆಗೆ ಹೋಗುವುದಿಲ್ಲ. "ಕಾಲು ಜೋಮು ಹಿಡಿಯುತ್ತಾ?" ಅಂದರೆ ತಕ್ಷಣ ಹೇಳುತ್ತಾಳೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡದ ಎಷ್ಟೋ ಮನೆಗಳಲ್ಲಿ ಅದನ್ನೂ ತೆಲುಗಿಗೆ ತಿರುಗಿಸಿ "ತಿಮ್ಮಿರ್ಲು" ಅನ್ನಬೇಕು. ಇಲ್ಲದಿದ್ದರೆ ಅಜ್ಜಿ ಅರ್ಥವಾಗದೆ ಸುಮ್ನೆ "ಇಲ್ಲ" ಅಂದುಬಿಡುತ್ತಾಳೆ. ಕಾಗದದಲ್ಲಿ ಅದು "ತೊಂದರೆ ಇಲ್ಲ" ಅಂತ ದಾಖಲಾಗುತ್ತದೆ!

ಇದಕ್ಕೇ ಒಂದು ಉಪಾಯ ಇದೆ. ಒಬ್ಬರು ಕನ್ನಡಕ್ಕೆ ತರುತ್ತಾರೆ. ಮೂಲ ನೋಡದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷ್‌ಗೆ ತಿರುಗಿಸುತ್ತಾರೆ. ಹೋದದ್ದು, ಬಂದದ್ದು ಒಂದೇ ಆಗಿದ್ದರೆ ಸರಿ. ಇಲ್ಲವಾದರೆ ಎಲ್ಲೋ ತಪ್ಪಿದೆ.

ಗೂಡಿನ ರಾಶಿಗೆ ಕೈ ಹಾಕುವುದು

ಊರಿನಲ್ಲಿ ಶುಗರ್ ಇರುವವರನ್ನೆಲ್ಲ ಕೇಳಲು ಆಗುವುದಿಲ್ಲ. ಕೆಲವರನ್ನು ಆರಿಸಬೇಕು. ಅದು ಸ್ಯಾಂಪಲ್. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೂಲು ಬಿಚ್ಚುವವರು ಲಾಟಿನ ಪ್ರತಿ ಗೂಡನ್ನೂ ನೋಡಲ್ಲ, ಒಂದು ಹಿಡಿ ತೆಗೆಯುತ್ತಾರೆ. ಆದರೆ ಮೇಲಿನ ಹಿಡಿಯನ್ನಲ್ಲ. ಕೈಯನ್ನು ಒಳಗೆ ತೂರಿಸಿ, ಅಲ್ಲೊಂದಿಷ್ಟು ಇಲ್ಲೊಂದಿಷ್ಟು ತೆಗೆಯುತ್ತಾರೆ. ಮೇಲೆ ಚೆಂದದ ಗೂಡು ಇಟ್ಟಿರಬಹುದು, ಅಲ್ವಾ?

ಜನರನ್ನು ಆರಿಸುವಾಗಲೂ ಅಷ್ಟೇ. ಬಸ್ ಸ್ಟ್ಯಾಂಡ್ ಪಕ್ಕದ ಹತ್ತು ಮನೆ ಕೇಳಿ ಬಂದರೆ ಅದು ಮೇಲಿನ ಹಿಡಿ. ಎಲ್ಲರ ಹೆಸರು ಬರೆದು ಚೀಟಿ ಎತ್ತಿದರೆ ಅದು ರ‍್ಯಾಂಡಮ್ ಸ್ಯಾಂಪಲ್. ವಿದ್ಯಾರ್ಥಿ ಪ್ರಾಜೆಕ್ಟ್‌ಗಳಲ್ಲಿ ಸಮಯ ಕಮ್ಮಿ, ಹಾಗಾಗಿ ಸಿಕ್ಕವರನ್ನು ಕೇಳುವುದೇ ಜಾಸ್ತಿ. ಅದಕ್ಕೆ ಕನ್ವೀನಿಯೆನ್ಸ್ ಸ್ಯಾಂಪಲ್ ಅನ್ನುತ್ತಾರೆ. ತಪ್ಪಲ್ಲ, ಆದರೆ ಅದರಿಂದ "ಕೋಲಾರ ಜಿಲ್ಲೆಯ ಜನ ಹೀಗೆ" ಅಂತ ಹೇಳುವ ಹಾಗಿಲ್ಲ.

ಟಾಸ್ ಹಾಕಿ ನೋಡಿ, ಪಿ ವ್ಯಾಲ್ಯೂ ಅರ್ಥವಾಗುತ್ತದೆ

ಮೊದಲು ಪ್ರಶ್ನೆ ಕೇಳುವುದು ಪ್ರೀ ಟೆಸ್ಟ್. ಆಮೇಲೆ ಚಾರ್ಟ್ ಹಿಡಿದು ಪಾಠ. ಒಂದು ವಾರ ಬಿಟ್ಟು ಅದೇ ಪ್ರಶ್ನೆ ಮತ್ತೆ ಕೇಳಿದರೆ ಪೋಸ್ಟ್ ಟೆಸ್ಟ್. ಅಂಕ ಹೆಚ್ಚಿತು ಅಂತಿಟ್ಟುಕೊಳ್ಳಿ. ಅದು ಪಾಠದಿಂದಲೋ, ಅದೃಷ್ಟದಿಂದಲೋ?

ನನ್ನ ಗೆಳೆಯ "ನಾನು ಹೇಳಿದ ಹಾಗೇ ನಾಣ್ಯ ಬೀಳುತ್ತದೆ" ಅನ್ನುತ್ತಾನೆ. ಒಂದು ಸಲ ಸರಿ ಹೇಳಿದರೆ ಯಾರೂ ನಂಬುವುದಿಲ್ಲ. ಸತತ ನಾಲ್ಕು ಸಲ ಬರೀ ಅದೃಷ್ಟದಿಂದ ಸರಿಯಾಗುವ ಸಾಧ್ಯತೆ 16ರಲ್ಲಿ 1, ಅಂದರೆ ನೂರಕ್ಕೆ ಸುಮಾರು 6. ಐದು ಸಲವಾದರೆ 32ರಲ್ಲಿ 1, ನೂರಕ್ಕೆ ಸುಮಾರು 3. ಈಗ ಸ್ವಲ್ಪ ಅನುಮಾನ ಬರುತ್ತದೆ, "ಇವನ ಕೈಯಲ್ಲಿ ಏನೋ ಇದೆ" ಅಂತ. "ಬರೀ ಅದೃಷ್ಟವೇ ಆಗಿದ್ದರೆ ಇಂಥ ಫಲ ಎಷ್ಟು ಅಪರೂಪ?" ಅನ್ನುವುದಕ್ಕೆ ಸಿಗುವ ಉತ್ತರವೇ ಪಿ ವ್ಯಾಲ್ಯೂ. ನೂರಕ್ಕೆ ಐದಕ್ಕಿಂತ ಕಮ್ಮಿ ಇದ್ದರೆ ಗಮನ ಕೊಡಿ ಅಂತ ವಾಡಿಕೆ. ಬರೆಯುವುದು 0.05 ಅಂತ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪಾಠ ಹೇಳಿದ ವಾರಕ್ಕೇ ಅದೇ ಪ್ರಶ್ನೆ ಕೇಳಿದರೆ ಅಂಕ ಹೆಚ್ಚುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ನರ್ಸಿಂಗ್ ಕಾಲೇಜುಗಳ ಪ್ರಾಜೆಕ್ಟ್‌ಗಳಲ್ಲಿ ಈ ಮಾದರಿ ತೀರಾ ಜಾಸ್ತಿ. ಕಲಿಯುವವರ ಕೈ ಪಳಗಲು ಅದು ಸಾಕು. ಆದರೆ ತಿಳಿಯುವುದು ಬೇರೆ, ಮಾಡುವುದು ಬೇರೆ. ಬರಿಗಾಲಲ್ಲಿ ನಡೆಯಬಾರದು ಅಂತ ಅಮ್ಮನಿಗೆ ಮೊದಲೇ ಗೊತ್ತಿತ್ತು. ಆದರೂ ಬೆಳಿಗ್ಗೆ ಐದೂವರೆಗೆ ಹಾಲು ಕರೆಯಲು ಕೊಟ್ಟಿಗೆಗೆ ಹೋಗುವುದು ಬರಿಗಾಲಲ್ಲೇ. "ಹಸು ಹತ್ರ ಚಪ್ಪಲಿ ಹಾಕ್ಕೊಂಡು ಹೋಗ್ತಾರಾ?" ಅನ್ನುತ್ತಾಳೆ. ಇದನ್ನು ಇಪ್ಪತ್ತು ಪ್ರಶ್ನೆಯ ಟೂಲ್ ಹಿಡಿಯುವುದಿಲ್ಲ. ಕೂತು ಮಾತಾಡಿಸಬೇಕು, ಯಾಕೆ ಅಂತ ಕೇಳಿ ಅವಳ ಮಾತಲ್ಲೇ ಬರೆದುಕೊಳ್ಳಬೇಕು. ಅದೂ ರಿಸರ್ಚೇ. ಗುಣಾತ್ಮಕ ಅಧ್ಯಯನ, ಕ್ವಾಲಿಟೇಟಿವ್ ಅನ್ನುತ್ತಾರೆ. ಮೊದಲಿನದು ಎಷ್ಟು ಅಂತ ಎಣಿಸಿದರೆ, ಇದು ಯಾಕೆ ಅಂತ ಕೇಳುತ್ತದೆ.

ಆ ಸಹಿ ಯಾಕೆ

ಅಮ್ಮನಿಗೆ ಕೊಟ್ಟದ್ದು ಒಪ್ಪಿಗೆ ಪತ್ರ. ನೀವು ಸಾಲಕ್ಕೆ ಹಾಕುವ ಸಹಿ ನಿಮ್ಮನ್ನು ಕಟ್ಟಿಹಾಕುತ್ತದೆ. ಈ ಸಹಿ ಕಟ್ಟಿಹಾಕುವುದಿಲ್ಲ. ಸಹಿ ಹಾಕಿದ ಮೇಲೂ, ಹತ್ತನೇ ಪ್ರಶ್ನೆಗೆ ಬಂದ ಮೇಲೂ "ಸಾಕಮ್ಮಾ, ನಂಗೆ ಇಷ್ಟವಿಲ್ಲ" ಅಂತ ಎದ್ದು ಹೋಗಬಹುದು. ಕಾರಣ ಹೇಳಬೇಕಿಲ್ಲ. ಅದಕ್ಕಾಗಿ ಆಸ್ಪತ್ರೆಯಲ್ಲಿ ನಿಮ್ಮ ಚಿಕಿತ್ಸೆ ಕಮ್ಮಿಯಾಗಬಾರದು.

ಈ ನಿಯಮಗಳನ್ನು ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರ ಮಾರ್ಗಸೂಚಿಯಲ್ಲಿ ವಿವರವಾಗಿ ಬರೆದಿದೆ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲು ಬಾರದವರಾದರೆ ಓದಿ ಹೇಳಬೇಕು, ಆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿದ್ದು ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. 18 ತುಂಬದ ಮಕ್ಕಳಾದರೆ ಅಪ್ಪ ಅಮ್ಮ ಒಪ್ಪಬೇಕು. ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು. ದೊಡ್ಡವರು ಹೂಂ ಅಂದರೂ ಮಗು ಬೇಡ ಅಂದರೆ ಆ ಮಾತಿಗೆ ಬೆಲೆ ಇದೆ.

ಇದನ್ನೆಲ್ಲ ಮೊದಲೇ ನೋಡಿ ಸೈ ಅನ್ನುವುದು ಎಥಿಕ್ಸ್ ಕಮಿಟಿ. 7ರಿಂದ 15 ಜನ ಇರುತ್ತಾರೆ. ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ಡಾಕ್ಟರ್‌ಗಳ ಜೊತೆ ಕಾನೂನು ಬಲ್ಲವರೊಬ್ಬರು, ವೈದ್ಯಕೀಯಕ್ಕೆ ಸಂಬಂಧವೇ ಇಲ್ಲದ ಸಾಮಾನ್ಯ ವ್ಯಕ್ತಿಯೊಬ್ಬರು ಇರಲೇಬೇಕು. "ಇದು ನಮ್ಮಂಥವರಿಗೆ ಅರ್ಥವಾಗುತ್ತಾ?" ಅಂತ ಕೇಳಲು ಒಬ್ಬರು ಬೇಕಲ್ಲ.

ನಿಮ್ಮ ಮನೆಗೆ ಯಾರಾದರೂ ಬಂದರೆ ಧೈರ್ಯವಾಗಿ ಕೇಳಿ. ಯಾವ ಕಾಲೇಜು, ಗೈಡ್ ಯಾರು, ಅವರ ನಂಬರ್ ಏನು, ನನ್ನ ಹೆಸರು ಎಲ್ಲಿ ಬರುತ್ತದೆ. ಉತ್ತರದ ಹಾಳೆಯಲ್ಲಿ ಹೆಸರಿನ ಬದಲು ಕೋಡ್ ನಂಬರ್ ಹಾಕುವುದು ರೂಢಿ. ಮಾಹಿತಿ ಪತ್ರದ ಒಂದು ಪ್ರತಿ ನಿಮಗೆ ಸಿಗಬೇಕು. ಪಾದದ ಬಗ್ಗೆ ಕೇಳುವ ಪ್ರಾಜೆಕ್ಟ್‌ಗೆ ನಿಮ್ಮ ಬ್ಯಾಂಕ್ ಪಾಸ್‌ಬುಕ್, ಓಟಿಪಿ ಯಾವುದೂ ಬೇಕಿಲ್ಲ. ಕೇಳಿದರೆ ಬಾಗಿಲು ಹಾಕಿ.

ಕಲಿಸುವುದರ ಮೇಲೂ ಒಂದು ಕಣ್ಣು

ನರ್ಸಿಂಗ್ ರಿಸರ್ಚ್‌ನ ಇನ್ನೊಂದು ಕವಲು ರೋಗಿಗಳ ಹತ್ತಿರ ಬರುವುದೇ ಇಲ್ಲ. ಅದು ನೋಡುವುದು ಕ್ಲಾಸ್‌ರೂಮನ್ನು. ನರ್ಸ್‌ಗಳಿಗೆ ಹೇಗೆ ಕಲಿಸಿದರೆ ಚೆನ್ನಾಗಿ ಕಲಿಯುತ್ತಾರೆ? ಬೊಂಬೆಯ ಮೇಲೆ ಅಭ್ಯಾಸ ಮಾಡಿದವರು ವಾರ್ಡಿನಲ್ಲಿ ಕಮ್ಮಿ ತಪ್ಪುತ್ತಾರಾ?

ಅಮೆರಿಕದ ಪೆಟ್ರಿಷಿಯಾ ಬೆನ್ನರ್ ನರ್ಸ್‌ಗಳನ್ನು ಮಾತಾಡಿಸಿ, ಅವರ ಅನುಭವ ಕೇಳಿ, 1984ರಲ್ಲಿ ಒಂದು ವಿಚಾರ ಮುಂದಿಟ್ಟರು. ಹೊಸಬರಿಂದ ನುರಿತವರ ತನಕ ಐದು ಹಂತ ಇವೆ ಅಂತ. ಮುದ್ದೆ ಮಾಡುವುದು ನೆನಪಿಸಿಕೊಳ್ಳಿ. ಹೊಸ ಸೊಸೆ ಲೋಟದಲ್ಲಿ ನೀರು ಅಳೆಯುತ್ತಾಳೆ, ಹಿಟ್ಟು ಅಳೆಯುತ್ತಾಳೆ, ಗಡಿಯಾರ ನೋಡುತ್ತಾಳೆ. ಅಮ್ಮ ಎಸರಿನ ಸದ್ದು ಕೇಳಿ ಹಿಟ್ಟು ಸುರಿಯುತ್ತಾಳೆ, ಕೋಲು ತಿರುಗುವ ಬಿಗಿಯಲ್ಲೇ ಬೆಂದಿತಾ ಅಂತ ತಿಳಿಯುತ್ತಾಳೆ. ಹೇಗೆ ಗೊತ್ತಾಯಿತು ಅಂದರೆ "ಗೊತ್ತಾಗುತ್ತೆ" ಅನ್ನುತ್ತಾಳೆ ಅಷ್ಟೇ. ಹಳೇ ಸಿಸ್ಟರ್‌ಗಳೂ ಹಾಗೇ. ಮಾನಿಟರ್ ಕೂಗುವ ಮುಂಚೆಯೇ "ಈ ಪೇಷಂಟ್ ಯಾಕೋ ಸರಿಯಿಲ್ಲ" ಅಂತಾರೆ. ಹೊಸಬರಿಗೆ ನಿಯಮದ ಪಟ್ಟಿ ಬೇಕು. ನುರಿತವರಿಗೆ ಅದೇ ಪಟ್ಟಿ ಕಾಲಿಗೆ ತೊಡರಬಹುದು. ಇಬ್ಬರಿಗೂ ಒಂದೇ ಥರ ಕಲಿಸಿದರೆ ನಡೆಯುವುದಿಲ್ಲ ಅನ್ನುವುದು ಇದರಿಂದ ಬಂದ ಪಾಠ.

ನರ್ಸಿಂಗ್ ಮಕ್ಕಳು ಹೆದರುವ ಓಸ್ಕಿ ಪರೀಕ್ಷೆಯೂ ಇಂಥ ಹುಡುಕಾಟದ ಫಲ. ಒಂದೊಂದು ಟೇಬಲ್‌ನಲ್ಲಿ ಒಂದೊಂದು ಕೆಲಸ, ಎಲ್ಲರಿಗೂ ಅದೇ ಸಮಯ, ಅದೇ ಅಂಕಪಟ್ಟಿ. ಪರೀಕ್ಷೆ ಮಾಡುವವರ ಮೂಡಿನ ಮೇಲೆ ಅಂಕ ನಿಲ್ಲಬಾರದು ಅಂತ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಯವರು 1975ರಲ್ಲಿ ಇದನ್ನು ಡಾಕ್ಟರ್ ಓದುವವರಿಗಾಗಿ ವಿವರಿಸಿದರು. ಆಮೇಲೆ ನರ್ಸಿಂಗ್‌ಗೂ ಬಂತು.

ಸ್ಕಾಲರ್‌ಶಿಪ್ ಅಂದರೆ ಬರೀ ದುಡ್ಡಲ್ಲ

ನಮ್ಮಲ್ಲಿ ಸ್ಕಾಲರ್‌ಶಿಪ್ ಅಂದರೆ ಖಾತೆಗೆ ಬೀಳುವ ವಿದ್ಯಾರ್ಥಿವೇತನ. ಬಂತಾ, ಬಂದಿಲ್ವಾ, ಅಷ್ಟೇ ಮಾತು. ಕಾಲೇಜಿನ ಮೇಷ್ಟ್ರುಗಳ ಬಾಯಲ್ಲಿ ಅದೇ ಪದಕ್ಕೆ ವಿದ್ವತ್ತಿನ ಕೆಲಸ ಅನ್ನುವ ಅರ್ಥವೂ ಇದೆ. 1990ರಲ್ಲಿ ಅಮೆರಿಕದ ಅರ್ನೆಸ್ಟ್ ಬೋಯರ್ ಇದನ್ನು ನಾಲ್ಕಾಗಿ ಬಿಡಿಸಿದರು. ಹೊಸದನ್ನು ಕಂಡುಹಿಡಿಯುವುದು ಒಂದು. ಬೇರೆ ಬೇರೆ ಕಡೆ ಚೆದುರಿದ ತಿಳಿವಳಿಕೆಯನ್ನು ಜೋಡಿಸುವುದು ಇನ್ನೊಂದು. ತಿಳಿದದ್ದನ್ನು ಜನರ ಕೆಲಸಕ್ಕೆ ಹಚ್ಚುವುದು, ಮತ್ತೆ ಕಲಿಸುವ ಬಗೆಯನ್ನೇ ಅಧ್ಯಯನ ಮಾಡುವುದು ಉಳಿದೆರಡು. ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘ 1999ರಲ್ಲಿ ಇದನ್ನೇ ಆಧಾರ ಮಾಡಿಕೊಂಡು, ನರ್ಸಿಂಗ್‌ನಲ್ಲಿ ಯಾವುದನ್ನು ವಿದ್ವತ್ತಿನ ಕೆಲಸ ಅನ್ನಬೇಕು ಅಂತ ಹೇಳಿತು.

ಹಾಗೆ ನೋಡಿದರೆ, ಜೋಮಿಗೆ ಸರಿಯಾದ ಕನ್ನಡ, ತೆಲುಗು ಪದ ಹುಡುಕಿ ಒಳ್ಳೆಯ ಟೂಲ್ ಮಾಡಿಕೊಡುವ ಉಪನ್ಯಾಸಕಿಯ ಕೆಲಸವೂ ಸಣ್ಣದಲ್ಲ. ದುಡ್ಡು ಕಟ್ಟಿದರೆ ಏನು ಬೇಕಾದರೂ ಅಚ್ಚು ಹಾಕುವ ಜರ್ನಲ್‌ನಲ್ಲಿ ಹತ್ತು ಪೇಪರ್ ಹಾಕಿಸುವುದಕ್ಕಿಂತ ಅದು ನನಗೆ ಜಾಸ್ತಿ ಅನ್ನಿಸುತ್ತದೆ.

ಒಂದು ವಾರ ಕಳೆದ ಮೇಲೆ

ಅಮ್ಮ ಕೊನೆಗೆ ಸಹಿ ಹಾಕಿದಳು. ಇಪ್ಪತ್ತಕ್ಕೆ ಒಂಬತ್ತು ಸರಿ ಬಂತಂತೆ. ಹುಡುಗಿಯರು ಚಾರ್ಟ್ ತೋರಿಸಿ, ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು ಹೇಗೆ ಅಂತ ಹೇಳಿಕೊಟ್ಟು ಹೋದರು. ಮುಂದಿನ ವಾರ ಆ ಬೀದಿಯ ಇನ್ನಷ್ಟು ಮನೆಗಳಿಗೆ ಪ್ರೀ ಟೆಸ್ಟ್‌ಗೆ ಬಂದರೆ ಆಶ್ಚರ್ಯ. ಪಾಠವೇ ಆಗದ ಮನೆಗಳಲ್ಲೂ ಎಲ್ಲರೂ ಟಕಟಕ ಅಂತ ಸರಿ ಉತ್ತರ. ಉಗುರು ಹೇಗೆ ಕತ್ತರಿಸಬೇಕು ಅಂದರೆ "ನೇರಕ್ಕೆ". ಎಣ್ಣೆ ಎಲ್ಲಿ ಹಚ್ಚಬಾರದು ಅಂದರೆ "ಬೆರಳ ಸಂದಿಗೆ". ವಿಚಾರಿಸಿದರೆ, ಅಮ್ಮ ದಿನಾ ಸಂಜೆ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಪಾಠ ಮಾಡಿದ್ದಾಳೆ.

ರಿಸರ್ಚ್ ಭಾಷೆಯಲ್ಲಿ ಇದಕ್ಕೆ ಕಂಟಾಮಿನೇಷನ್ ಅನ್ನುತ್ತಾರೆ. ಔಷಧಿ ಹೊಡೆಯದೆ ಬಿಟ್ಟ ಸಾಲಿಗೂ ಗಾಳಿಗೆ ಔಷಧಿ ಹಾರಿದ ಹಾಗೆ. ಗೈಡ್ ಆ ಬೀದಿಯನ್ನೇ ಬಿಟ್ಟು ಕೆರೆ ಆಚೆಯ ಊರಿಗೆ ಹೋಗಿ ಅಂದರಂತೆ.

ಅಮ್ಮನಿಗೆ ಬೇಜಾರು. "ನಾನೇನ್ ತಪ್ಪು ಹೇಳಿಕೊಟ್ನಾ? ಸರಿಯಾಗೇ ಹೇಳಿದೀನಿ. ಬೇಕಾದ್ರೆ ಆ ಊರಿಗೂ ನಾನೇ ಹೋಗಿ ಹೇಳ್ತೀನಿ."